ತಾಟು ಮೊದಲೋ, ಪಾಠ ಮೊದಲೋ?

ಪ್ರೈಮರಿ ಶಾಲೆಯ ಮಕ್ಕಳಿಗೆ ಒಳ್ಳೆಯ ಊಟದ ಬಗ್ಗೆ ಪಾಠ ಮಾಡಬೇಕಾ ಅಂತ ಯಾರನ್ನಾದರೂ ಕೇಳಿ ನೋಡಿ. ಬೇಡ ಅನ್ನೋರು ಒಬ್ಬರೂ ಸಿಗಲ್ಲ. ಹಣ್ಣು ತಿನ್ನಿ, ಸೊಪ್ಪು ತಿನ್ನಿ, ಹಾಲು ಕುಡೀರಿ, ಊಟಕ್ಕೆ ಮೊದಲು ಕೈ ತೊಳೀರಿ. ಇದರಲ್ಲಿ ತಪ್ಪು ಹುಡುಕೋಕೆ ಏನಿದೆ? ಆದರೂ ಈ ಪಾಠದ ಒಳಗೆ ಒಂದು ನೈತಿಕ ಪ್ರಶ್ನೆ ಕೂತಿದೆ ಅಂತ ನನಗೆ ಕೆಲವು ವರ್ಷಗಳಿಂದ ಅನಿಸ್ತಾ ಇದೆ. ಇವತ್ತು ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಗಣಿತದ ಪಾಠಕ್ಕೂ ಊಟದ ಪಾಠಕ್ಕೂ ಒಂದು ವ್ಯತ್ಯಾಸ ಇದೆ. ಏಳು ಎಂಟಲೆ ಐವತ್ತಾರು ಅನ್ನೋದಕ್ಕೆ ಮನೆಯಲ್ಲಿ ದುಡ್ಡಿರಬೇಕು ಅಂತಿಲ್ಲ. ಸಗರದ ಗುಡಿಸಲಲ್ಲಿ ಓದಿದರೂ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಓದಿದರೂ ಅದು ಐವತ್ತಾರೇ. ದಿನಾ ಒಂದು ಹಣ್ಣು ತಿನ್ನಬೇಕು ಅನ್ನೋ ಪಾಠ ಹಾಗಲ್ಲ. ಅದು ಮಗುವಿನ ಮನೆಗೆ ಹೋಗುತ್ತೆ, ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತೆ, ಆ ಮಗುವಿನ ಅವ್ವನ ಬಗ್ಗೆ ಒಂದು ಮಾತು ಹೇಳಿ ಬರುತ್ತೆ. ಟೀಚರಿಗೆ ಆ ಉದ್ದೇಶ ಇರಲ್ಲ. ಆದರೆ ಕೂತು ಕೇಳ್ತಿರೋ ಮಗುವಿಗೆ ಅದು ಕೇಳಿಸುತ್ತೆ.

ನಮ್ಮ ಅಕ್ಕ ಊರಲ್ಲೇ ಇದ್ದಾಳೆ, ಶಹಾಪುರ ತಾಲ್ಲೂಕಿನಲ್ಲಿ. ಎರಡು ಎಕರೆ ಹೊಲ, ಹತ್ತಿ ಬಿಡಿಸೋ ಕಾಲದಲ್ಲಿ ಕೂಲಿ. ಅವಳ ಮಗಳು ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಹೋದ ದೀಪಾವಳಿಗೆ ಊರಿಗೆ ಹೋದಾಗ ಅವಳ ನೋಟ್‌ಬುಕ್ ತಿರುವಿ ಹಾಕ್ತಿದ್ದೆ. ಒಂದು ಪುಟದಲ್ಲಿ 'ನಾನು ನಿನ್ನೆ ಏನು ತಿಂದೆ' ಅಂತ ಪಟ್ಟಿ. ಬೆಳಿಗ್ಗೆ: ಹಾಲು, ಸೇಬು. ಮಧ್ಯಾಹ್ನ: ಅನ್ನ, ಸಾಂಬಾರು, ಮೊಟ್ಟೆ. ರಾತ್ರಿ: ಚಪಾತಿ, ತರಕಾರಿ, ಬಾಳೆಹಣ್ಣು. ಕೆಳಗೆ ಕೆಂಪು ಇಂಕಿನಲ್ಲಿ ಗುಡ್.

"ಇದೇನವ್ವಾ, ಮುಂಜಾನಿ ಸೇಬು ತಿಂದಿದ್ದೇನ?" ಅಂತ ಕೇಳಿದೆ.

"ಇಲ್ಲ ಮಾಮಾ. ಹಿಂಗ ಬರದ್ರ ಟೀಚರ್ ಗುಡ್ ಹಾಕ್ತಾರ."

"ಮತ್ತ ಖರೇ ತಿಂದಿದ್ದೇನು?"

"ರೊಟ್ಟಿ, ಪುಂಡಿಪಲ್ಯ. ಅದು ಚಾರ್ಟಿನ್ಯಾಗ ಇಲ್ಲ."

ಹುಡುಗಿ ಇದನ್ನ ಯಾವ ಬೇಜಾರೂ ಇಲ್ಲದೆ ಹೇಳಿದಳು. ಅವಳಿಗೆ ಇದು ಸುಳ್ಳು ಅಂತಲೂ ಅನಿಸಿಲ್ಲ, ಸರಿಯಾದ ಉತ್ತರ ಬರೆದಿದ್ದೀನಿ ಅಂತ ಅನಿಸಿದೆ. ಪಕ್ಕದಲ್ಲಿ ರೊಟ್ಟಿ ಬಡಿತಿದ್ದ ಅಕ್ಕ ಒಂದು ಸಲ ತಲೆ ಎತ್ತಿ ನೋಡಿ ಮತ್ತೆ ಬಡಿಯೋಕೆ ಶುರು ಮಾಡಿದಳು. ಏನೂ ಅನ್ನಲಿಲ್ಲ.

ಆ ಪಾಠ ಮಾಡಿದ ಟೀಚರನ್ನ ನಾನು ದೂರ್ತಾ ಇಲ್ಲ. ಐದು ತರಗತಿಗೆ ಇಬ್ಬರು ಟೀಚರ್ ಇರೋ ಶಾಲೆಗಳು ನಮ್ಮ ಕಡೆ ಎಷ್ಟೋ ಇವೆ. ಅವರಿಗೆ ಒಂದು ಚಾರ್ಟ್ ಕೊಟ್ಟಿದ್ದಾರೆ, ಅವರು ಅದನ್ನ ಕಲಿಸಿದ್ದಾರೆ. ಆದರೆ ಆ ಪುಟದಲ್ಲಿ ಏನಾಯ್ತು ಅಂತ ನೋಡಿ. ಮಗು ಆರೋಗ್ಯದ ಬಗ್ಗೆ ಏನೂ ಕಲೀಲಿಲ್ಲ. ಮನೆಯ ಊಟ ಶಾಲೆಯ ಪುಸ್ತಕದಲ್ಲಿ ಬರೆಯೋ ಯೋಗ್ಯತೆ ಇಲ್ಲದ್ದು ಅಂತ ಕಲಿತಳು.

ತತ್ವಶಾಸ್ತ್ರದಲ್ಲಿ ಒಂದು ಹಳೆಯ ಮಾತಿದೆ, ಜರ್ಮನಿಯ ಇಮ್ಯಾನುಯೆಲ್ ಕಾಂಟ್ ಹೆಸರಿನ ಜೊತೆ ಬರುತ್ತೆ. ಯಾರಿಗಾದರೂ 'ನೀನಿದನ್ನ ಮಾಡಬೇಕು' ಅಂತ ಹೇಳಬೇಕಾದರೆ, ಅವರಿಗೆ ಅದನ್ನ ಮಾಡೋಕೆ ಸಾಧ್ಯವಾಗುವ ಹಾಗಿರಬೇಕು. ಕೈಲಾಗದ ಕೆಲಸವನ್ನ ಕರ್ತವ್ಯ ಅಂತ ಹೊರಿಸೋಕೆ ಬರಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ಬಟನ್ ಡಿಸೇಬಲ್ ಮಾಡಿಟ್ಟು 'ಮುಂದುವರಿಯಲು ಬಟನ್ ಒತ್ತಿ' ಅಂತ ಮೆಸೇಜ್ ತೋರಿಸಿದ ಹಾಗೆ. ಯೂಸರ್ ಒತ್ತಲಿಲ್ಲ ಅಂತ ಬೈದು ಏನು ಪ್ರಯೋಜನ?

ಎಂಟು ವರ್ಷದ ಮಗುವಿನ ಕೈಯಲ್ಲಿ ಏನಿದೆ? ಸಂತೆಗೆ ಹೋಗೋ ದುಡ್ಡಿಲ್ಲ. ಒಲೆ ಹಚ್ಚೋ ಅಧಿಕಾರ ಇಲ್ಲ. ಏನು ಬಿತ್ತಬೇಕು, ಏನು ಕೊಳ್ಳಬೇಕು ಅನ್ನೋ ಮಾತಿನಲ್ಲಿ ಅದಕ್ಕೆ ಜಾಗ ಇಲ್ಲ. ಇಡೀ ಊಟದ ವ್ಯವಸ್ಥೆಯಲ್ಲಿ ಅತಿ ಕಡಿಮೆ ಅಧಿಕಾರ ಇರೋದು ಆ ಮಗುವಿಗೆ, ಅತಿ ಹೆಚ್ಚು ಉಪದೇಶ ಸಿಗೋದೂ ಅದಕ್ಕೇ.

ಹಾಗಾದರೆ ಪಾಠವೇ ಬೇಡವಾ? ಇಲ್ಲಿ ನಾನು ಅವಸರ ಮಾಡಲ್ಲ. ಯಾಕಂದ್ರೆ ಶಾಲೆ ಸುಮ್ಮನಾದರೆ ಮಗುವಿಗೆ ಪಾಠ ಸಿಗೋದೇನೂ ನಿಲ್ಲಲ್ಲ. ಶಾಲೆಯ ಗೇಟಿನ ಎದುರಿಗೆ ಇರೋ ಡಬ್ಬಿ ಅಂಗಡಿ ಪಾಠ ಮಾಡುತ್ತೆ. ಐದು ರೂಪಾಯಿಯ ಹೊಳೆಯೋ ಪಾಕೀಟುಗಳು ಹಾರದ ಹಾಗೆ ತೂಗ್ತಿರ್ತವೆ. ಕಾಡು ಮೇಡು ಇರೋ ಹಳ್ಳಿಗೆ ಬಸ್ ಬರದಿದ್ದರೂ ಆ ಪಾಕೀಟು ಬಂದಿರುತ್ತೆ. ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಹೆಚ್ಚು ಕೊಬ್ಬು, ಉಪ್ಪು, ಸಕ್ಕರೆ ಇರೋ ತಿಂಡಿ ಮಾರಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತೆ. ಡಬ್ಬಿ ಅಂಗಡಿ ಕಾಕಾನಿಗೆ ಈ ನಿಯಮ ಯಾರು ಓದಿ ಹೇಳಬೇಕು? ಓದಿ ಹೇಳಿದರೂ ಅವನ ಹೊಟ್ಟೆಪಾಡಿಗೆ ಬೇರೆ ದಾರಿ ಯಾರು ತೋರಿಸಬೇಕು?

ಇನ್ನೊಂದು ಪಾಠ ನಮ್ಮ ನೆಲದ್ದು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಸಗರನಾಡಿಗೆ ಬಂದ ಮೇಲೆ ಜೋಳ ಇದ್ದ ಎಷ್ಟೋ ಎರೆ ಹೊಲಗಳಲ್ಲಿ ಭತ್ತ, ಹತ್ತಿ ಬಂತು. ರೊಕ್ಕ ಬಂತು, ಒಳ್ಳೇದೇ ಆಯ್ತು. 2013ರಲ್ಲಿ ಅನ್ನಭಾಗ್ಯ ಬಂದಾಗ ಹಸಿವು ಎಷ್ಟೋ ತಗ್ಗಿತು, ಅದನ್ನ ನಾನು ಎಲ್ಲೂ ಹಗುರವಾಗಿ ಮಾತಾಡಲ್ಲ. ಆದರೆ ಇದೆಲ್ಲ ಸೇರಿ ತಾಟಿನಲ್ಲಿ ಅನ್ನ ಜಾಸ್ತಿ ಆಯ್ತು, ರೊಟ್ಟಿ ಕಮ್ಮಿ ಆಯ್ತು. ಪಾಲಿಶ್ ಮಾಡಿದ ಅಕ್ಕಿಗಿಂತ ಜೋಳದಲ್ಲಿ ಕಬ್ಬಿಣದ ಅಂಶ ಹಲವು ಪಟ್ಟು ಹೆಚ್ಚು, ನಾರೂ ಹೆಚ್ಚು. ನಮ್ಮ ಮುತ್ಯಾನಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಆದರೆ ಅವನ ತಾಟಿಗೆ ಗೊತ್ತಿತ್ತು. ಈಗ ಅಕ್ಕನ ಮಗಳ ತಾಟಿಗೆ ಆ ತಿಳಿವಳಿಕೆ ತಾನಾಗಿ ಬರಲ್ಲ. ಹಾಗಾಗಿ ಯಾರಾದರೂ ಬಾಯಿಬಿಟ್ಟು ಹೇಳಬೇಕಾಗುತ್ತೆ.

ಅಂದ್ರೆ ಸುಮ್ಮನಿರೋದೂ ನಿರಪರಾಧ ಅಲ್ಲ. ಮಾತಾಡಿದರೆ ಮಗುವನ್ನ ಅವಮಾನ ಮಾಡೋ ಅಪಾಯ. ಸುಮ್ಮನಿದ್ದರೆ ಮಗುವನ್ನ ಪಾಕೀಟಿಗೆ ಒಪ್ಪಿಸೋ ಅಪಾಯ. ಈ ಎರಡರ ನಡುವೆ ದಾರಿ ಎಲ್ಲಿದೆ?

ಆ ದಾರಿಯನ್ನ ನಮ್ಮ ರಾಜ್ಯ ಸ್ವಲ್ಪ ಮಟ್ಟಿಗೆ ಈಗಾಗಲೇ ಹುಡುಕಿದೆ ಅಂತ ನನ್ನ ಅನಿಸಿಕೆ. ಸ್ವಲ್ಪ ಹಿಂದಕ್ಕೆ ಹೋಗೋಣ. ನಾನು ಒಂದನೇ ಕ್ಲಾಸಿಗೆ ಸೇರಿದ್ದು 1995ರಲ್ಲಿ. ನಮ್ಮ ಕಾಲದಲ್ಲಿ ಶೇಕಡಾ 80 ಹಾಜರಿ ಇದ್ದ ಮಗುವಿಗೆ ತಿಂಗಳಿಗೆ 3 ಕೆ.ಜಿ. ಅಕ್ಕಿ ಕೊಡ್ತಿದ್ದರು. ಕೈಚೀಲ ತಗೊಂಡು ಹೋಗಿ ಅಕ್ಕಿ ತರ್ತಿದ್ದೆವು. ಆ ಅಕ್ಕಿ ಮನೆಗೆ ಬಂದ ಮೇಲೆ ಅದು ನನ್ನದಾಗಿರಲಿಲ್ಲ. ಏಳು ಜನರ ಮನೆಯ ಗಡಿಗೆಯಲ್ಲಿ ಸೇರಿ ಏಳು ಪಾಲಾಗ್ತಿತ್ತು, ಹಾಗಾಗೋದೇ ನ್ಯಾಯ ಕೂಡ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಪಿಯುಸಿಎಲ್ ಸಂಸ್ಥೆ ಹಾಕಿದ್ದ ಕೇಸಿನಲ್ಲಿ, ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಾಳು ಕಡಿ ಕೊಟ್ಟು ಕಳಿಸಬೇಡಿ, ಬೇಯಿಸಿದ ಊಟವನ್ನೇ ಬಡಿಸಿ ಅಂತ ಆದೇಶ ಕೊಟ್ಟಿತು. ಕರ್ನಾಟಕ 2002ರಲ್ಲಿ ಅಕ್ಷರ ದಾಸೋಹ ಶುರು ಮಾಡಿದ್ದು ಮೊದಲು ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಆಗ ನಾವಿನ್ನೂ ಗುಲ್ಬರ್ಗ ಜಿಲ್ಲೆ, ಹಾಗಾಗಿ ನಮಗೂ ಬಂತು. ಒಂದರಿಂದ ಐದನೇ ಕ್ಲಾಸಿನವರೆಗೆ ಮಾತ್ರ. ನಾನು ಅಷ್ಟೊತ್ತಿಗೆ ಹೈಸ್ಕೂಲು. ನನ್ನ ತಮ್ಮ ಮೂರನೇ ಕ್ಲಾಸು. ಒಂದೇ ಮನೆಯಲ್ಲಿ ನಾನು ಅಕ್ಕಿಯ ಕಾಲದವನು, ಅವನು ಬಿಸಿಯೂಟದ ಕಾಲದವನು.

ಅಕ್ಕಿಗೂ ಬಿಸಿಯೂಟಕ್ಕೂ ಇರೋ ವ್ಯತ್ಯಾಸ ಬರೀ ಒಲೆಯದ್ದಲ್ಲ. ಅಕ್ಕಿ ಮನೆಯ ಯಜಮಾನನಿಗೆ ಕೊಟ್ಟದ್ದು, ಊಟ ಮಗುವಿಗೆ ಕೊಟ್ಟದ್ದು. ಮನೆಯಲ್ಲಿ ಗಂಡುಮಕ್ಕಳು ಉಂಡು ಉಳಿದದ್ದು ಹೆಣ್ಣುಮಕ್ಕಳಿಗೆ ಅನ್ನೋ ರೂಢಿ ಶಾಲೆಯ ಪಂಕ್ತಿಯಲ್ಲಿ ನಡೆಯಲ್ಲ. ಪ್ರಾಥಮಿಕ ಶಾಲೆಯ ಮಗುವಿಗೆ ಒಂದು ಊಟದಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ಸಿಗಬೇಕು ಅನ್ನೋದು ಕೇಂದ್ರದ ಯೋಜನೆಯ ಲೆಕ್ಕ. ಅದಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಬಂತು, 150 ಮಿ.ಲೀ. ಹಾಲು. ಈ ಅಳತೆಗಳಲ್ಲಿ 'ನೀನು ಪ್ರೋಟೀನು ತಿನ್ನಬೇಕು' ಅನ್ನೋ ವಾಕ್ಯ ಎಲ್ಲೂ ಇಲ್ಲ ಗಮನಿಸಿ. 'ನಾವು ನಿನಗೆ ಕೊಡಬೇಕು' ಅಂತಿದೆ. ಹೊಣೆ ಸರಿಯಾದ ಹೆಗಲಿಗೆ ಬಂದಿದೆ.

ಮೊಟ್ಟೆಯ ಕಥೆ ನಿಮಗೆ ನೆನಪಿರಬಹುದು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದರು. ಯಾದಗಿರಿಯಂಥ ಕಡೆ ಮಕ್ಕಳಲ್ಲಿ ರಕ್ತಹೀನತೆ, ಅಪೌಷ್ಟಿಕತೆ ಹೆಚ್ಚು ಅನ್ನೋದೇ ಕಾರಣ. ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ಒಬ್ಬ ಶಾಲಾ ಹುಡುಗಿ ಕ್ಯಾಮರಾ ಎದುರು ಕೊಟ್ಟ ಖಡಕ್ ಉತ್ತರ ಇಡೀ ರಾಜ್ಯದ ಮೊಬೈಲುಗಳಲ್ಲಿ ಓಡಾಡಿತು. ಮುಂದೆ ಯಾದಗಿರಿ ಮಕ್ಕಳನ್ನ, ಆಗ ಮೊಟ್ಟೆ ಸಿಗದಿದ್ದ ಗದಗದ ಮಕ್ಕಳ ಜೊತೆ ಹೋಲಿಸಿ ನೋಡಿದಾಗ ನಮ್ಮ ಮಕ್ಕಳ ತೂಕ ಹೆಚ್ಚು ಏರಿದ್ದು ಕಂಡಿತು. ಆಮೇಲೆ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸುಮಾರು 1,500 ಕೋಟಿ ರೂಪಾಯಿಯ ನೆರವು ಕೊಟ್ಟ ಮೇಲೆ ವಾರಕ್ಕೆ ಆರು ದಿನ ಮೊಟ್ಟೆ. ಬೇಡ ಅನ್ನೋರಿಗೆ ಬಾಳೆಹಣ್ಣು.

ಈ ಜಗಳದಲ್ಲಿ ನಿಜವಾದ ನೈತಿಕ ಪ್ರಶ್ನೆ ಇತ್ತು ಅಂತ ಒಪ್ಪಿಕೊಳ್ಳಲೇಬೇಕು. ಒಂದು ಮನೆಯ ನಂಬಿಕೆ ಹಗುರವಾದ ವಸ್ತು ಅಲ್ಲ. ನಮ್ಮ ಓಣಿಯಲ್ಲೇ ಮೊಟ್ಟೆ ಮುಟ್ಟದ ಮನೆಗಳಿವೆ, ಅವರ ಮಕ್ಕಳ ಜೊತೆ ಕೂತೇ ನಾನು ಓದಿದ್ದು. ಆದರೆ ಕೊಡೋದಕ್ಕೂ ತಿನ್ನಿಸೋದಕ್ಕೂ ವ್ಯತ್ಯಾಸ ಇದೆ. ನನ್ನ ಮಗು ತಿನ್ನಲ್ಲ, ಹಾಗಾಗಿ ಯಾರಿಗೂ ಕೊಡಬೇಡಿ ಅಂದಾಗ, ನನ್ನ ನಂಬಿಕೆಯ ಖರ್ಚನ್ನ ಇನ್ನೊಬ್ಬರ ಮಗುವಿನ ಮೈಯಿಂದ ವಸೂಲಿ ಮಾಡಿದ ಹಾಗಾಗುತ್ತೆ. ನಂಬಿಕೆಯ ಬೆಲೆಯನ್ನ ನಂಬಿದವರು ಕೊಡಬೇಕು, ಅದೇ ಅದರ ಗೌರವ. ಬಾಳೆಹಣ್ಣಿನ ಆಯ್ಕೆ ಇಟ್ಟಿದ್ದು ಅದಕ್ಕೇ ಸರಿ.

ಇಲ್ಲೂ ಒಂದು ಬಿಗಿಯಾದ ಗಂಟು ಉಳಿಯುತ್ತೆ. ಮನೆಯಲ್ಲಿ ಬೇಡ ಅಂದಿದ್ದಾರೆ, ಮಗುವಿಗೆ ಬೇಕು. ಪಕ್ಕದ ಗೆಳತಿಯ ತಾಟು ನೋಡ್ತಾ ಕೂತಿದೆ. ಟೀಚರ್ ಏನು ಮಾಡಬೇಕು? ಏಳೆಂಟು ವರ್ಷದ ಮಗುವಿನ ವಿಷಯದಲ್ಲಿ ಮನೆಯವರ ಮಾತನ್ನ ಮೀರೋದು ಸರಿಯಲ್ಲ ಅನ್ನೋದು ನನ್ನ ಮಟ್ಟಿಗಿನ ಉತ್ತರ. ಶಾಲೆಗೂ ಮನೆಗೂ ನಡುವೆ ಗುಟ್ಟು ಇಟ್ಟುಕೊಳ್ಳೋದನ್ನ ಮಗುವಿಗೆ ಕಲಿಸಬಾರದು. ಆದರೆ ಆ ಮಗುವನ್ನ ಬೇರೆ ಸಾಲಿನಲ್ಲಿ ಕೂರಿಸಬಾರದು, ಮೊಟ್ಟೆ ತಿನ್ನೋ ಮಗುವನ್ನೂ ಬೇರೆ ಕೂರಿಸಬಾರದು. ನೀನು ಅದನ್ನ ತಿಂತೀಯಾ ಅಂತ ಮೂಗು ಮುರಿಯೋದನ್ನೂ, ನೀನು ಅದನ್ನ ತಿನ್ನಲ್ವಾ ಅಂತ ನಗೋದನ್ನೂ ಅವತ್ತೇ ನಿಲ್ಲಿಸಬೇಕು. ತಾಟಿನ ಮೇಲೆ ಜಾತಿ ಅಳೆಯೋ ನಮ್ಮ ನಾಡಿನಲ್ಲಿ ಪಕ್ಕಪಕ್ಕ ಕೂತು ಬೇರೆಬೇರೆ ಉಣ್ಣೋದನ್ನ ಕಲಿಸೋದು ಪೌಷ್ಟಿಕತೆಯ ಪಾಠಕ್ಕಿಂತ ಕಮ್ಮಿಯದೇನಲ್ಲ.

ಈಗ ಬೆಂಗಳೂರಿಗೆ ಬರೋಣ. ಇಲ್ಲಿ ಓದ್ತಿರೋ ನಿಮ್ಮಲ್ಲಿ ಹಲವರ ಮನೆಯ ಕಥೆ ಇದೇ ಇರುತ್ತೆ. ನನ್ನ ಮಗಳು ಹೋಗೋ ಶಾಲೆಯಲ್ಲಿ ಟಿಫಿನ್ ಬಾಕ್ಸಿಗೆ ಟೈಮ್‌ಟೇಬಲ್ ಇದೆ. ಸೋಮವಾರ ಮೊಳಕೆ ಕಾಳು, ಮಂಗಳವಾರ ಹಣ್ಣು. ಸರಿಯಾಗಿ ತಂದವರ ಕೈಗೆ ನಕ್ಷತ್ರದ ಸ್ಟಿಕರ್. ಚಿಪ್ಸ್ ತಂದರೆ ಡಬ್ಬಿ ಮುಚ್ಚಿ ವಾಪಸ್, ಡೈರಿಯಲ್ಲಿ ನೋಟ್. ಸಿಬಿಎಸ್‌ಇ 2025ರ ಮೇ ತಿಂಗಳಲ್ಲಿ ಶಾಲೆಗಳಿಗೆ ಸಕ್ಕರೆ ಬೋರ್ಡ್ ಹಾಕಿ ಅಂತ ಹೇಳಿತು, ಯಾವುದರಲ್ಲಿ ಎಷ್ಟು ಸಕ್ಕರೆ ಇದೆ ಅಂತ ಮಕ್ಕಳಿಗೆ ತೋರಿಸೋಕೆ. ಬೋರ್ಡ್ ಒಳ್ಳೇದೇ. ಆದರೆ ಸ್ಟಿಕರ್ ಬಗ್ಗೆ ನನಗೆ ತಕರಾರಿದೆ. ಡಬ್ಬಿ ತುಂಬಿಸಿದ್ದು ನಾನು ಅಥವಾ ನನ್ನ ಹೆಂಡತಿ. ನಕ್ಷತ್ರ ತಪ್ಪಿದ್ದು ಆರು ವರ್ಷದ ಮಗುವಿಗೆ. ರಾತ್ರಿ ಒಂದು ಗಂಟೆಗೆ ರಿಲೀಸ್ ಮುಗಿಸಿ ಮಲಗಿದ ಅಪ್ಪ ಬೆಳಿಗ್ಗೆ ಬ್ರೆಡ್ ಜಾಮ್ ತುಂಬಿಸಿ ಕಳಿಸಿದರೆ ಅದರ ಶಿಕ್ಷೆ ಮಗುವಿಗಾ?

ನಮ್ಮ ಅಕ್ಕನ ಊರಿನ ಶಾಲೆಗೂ ಈ ಶಾಲೆಗೂ ಫೀಸಿನಲ್ಲಿ ಲಕ್ಷದ ವ್ಯತ್ಯಾಸ. ಹೊಣೆಯನ್ನ ಮಗುವಿನ ಮೇಲೆ ಹಾಕೋದರಲ್ಲಿ ಎರಡೂ ಒಂದೇ. ಒಂದು ವ್ಯತ್ಯಾಸ ಮಾತ್ರ ಇದೆ, ಅದು ನಮಗೆ ಅನುಕೂಲದ್ದಲ್ಲ. ಅಕ್ಕನಿಗೆ ಸೇಬು ಕೊಳ್ಳೋಕೆ ಆಗಲ್ಲ. ನನಗೆ ಆಗುತ್ತೆ. 'ಮಾಡಬೇಕು' ಅನ್ನೋ ಮಾತು 'ಆಗುತ್ತೆ' ಅನ್ನೋರಿಗೆ ಸಲ್ಲೋದಾದರೆ, ಬೆಂಗಳೂರಿನಲ್ಲಿ ಊಟದ ಪಾಠ ಕೇಳಬೇಕಾದವರು ಮಕ್ಕಳಲ್ಲ, ನಾವು. ರಾತ್ರಿ ಹತ್ತೂವರೆಗೆ ಆ್ಯಪಿನಲ್ಲಿ ಬಿರಿಯಾನಿ ತರಿಸಿ ಲ್ಯಾಪ್‌ಟಾಪ್ ಎದುರು ತಿನ್ನೋರು ನಾವು. ಮಗು ಸೋಫಾದಲ್ಲಿ ಕೂತು ಅದನ್ನ ನೋಡುತ್ತೆ. ಚಾರ್ಟ್ ಗೋಡೆಯ ಮೇಲಿರುತ್ತೆ, ನಾವು ಕಣ್ಣೆದುರಿಗೇ ಇರ್ತೀವಿ.

ಹಾಗಿದ್ದರೆ ಮಕ್ಕಳಿಗೆ ಏನು ಕಲಿಸಬೇಕು? ನನ್ನ ಉತ್ತರ ಸಣ್ಣದು. ಮಗುವಿನ ಕೈಗೆ ಎಟುಕೋದನ್ನ ಕಲಿಸಬೇಕು, ಎಟುಕದ್ದನ್ನ ನಾವು ತಂದು ತಾಟಿಗೆ ಹಾಕಬೇಕು.

ಎಟುಕೋದು ಕಮ್ಮಿಯೇನಿಲ್ಲ. ಸೋಪು ಹಚ್ಚಿ ಕೈ ತೊಳೆಯೋದು ಎಟುಕುತ್ತೆ, ಶಾಲೆಯ ನಲ್ಲಿಯಲ್ಲಿ ನೀರು ಬಂದರೆ. ಫೆಬ್ರವರಿ, ಆಗಸ್ಟ್ ತಿಂಗಳಲ್ಲಿ ಶಾಲೆಯಲ್ಲಿ ಕೊಡೋ ಜಂತುಹುಳದ ಮಾತ್ರೆಯನ್ನ ಚೀಪಿ ಉಗುಳದೆ ನುಂಗೋದು ಎಟುಕುತ್ತೆ, ಯಾಕೆ ಅಂತ ಯಾರಾದರೂ ಬಿಡಿಸಿ ಹೇಳಿದರೆ. ಕಬ್ಬಿಣದ ಮಾತ್ರೆ ತಗೊಂಡಾಗ ಮಲದ ಬಣ್ಣ ಕಪ್ಪಾದರೆ ಹೆದರಬೇಡ ಅಂತ ಮೊದಲೇ ಹೇಳಿದರೆ ಮುಂದಿನ ವಾರ ಮಾತ್ರೆ ಕಿಟಕಿಯಾಚೆ ಬೀಳಲ್ಲ. ಊಟದ ಜೊತೆಗೇ ಚಹಾ ಕುಡಿದರೆ ಊಟದಲ್ಲಿದ್ದ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ, ಲಿಂಬೆಹಣ್ಣು ಹಿಂಡಿದರೆ ಚೆನ್ನಾಗಿ ಹತ್ತುತ್ತೆ. ಇದಕ್ಕೆ ಸೇಬಿನ ದುಡ್ಡು ಬೇಡ. ನಮ್ಮ ಕಡೆ ಸಣ್ಣ ಮಕ್ಕಳೂ ರೊಟ್ಟಿ ಜೊತೆ ಚಹಾ ಕುಡಿಯೋ ರೂಢಿ ಇದೆ. ಆ ಚಹಾ ಒಂದು ತಾಸು ಆಮೇಲೆ ಕುಡಿ ಅನ್ನೋ ಮಾತನ್ನ ಒಂದು ಮಗು ಮನೆಗೆ ಒಯ್ದರೆ ಮನೆಮಂದಿಗೆಲ್ಲ ಉಪಯೋಗ. ಯಾರಿಗೂ ಅವಮಾನ ಇಲ್ಲ.

ಎರಡನೇದು, ಪಾಠ ಚಾರ್ಟಿನಿಂದ ಶುರುವಾಗಬಾರದು, ಮಗುವಿನ ಮನೆಯಿಂದ ಶುರುವಾಗಬೇಕು. 'ಏನು ತಿನ್ನಬೇಕು' ಅಂತ ಕೇಳೋ ಬದಲು 'ನಿಮ್ಮ ಮನ್ಯಾಗ ಏನೇನು ಮಾಡ್ತಾರ' ಅಂತ ಕೇಳಿ ಬೋರ್ಡಿನ ಮೇಲೆ ಬರೀಲಿ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ತೊಗರಿಬ್ಯಾಳಿ, ಮಜ್ಜಿಗೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ ಅಂತ ಟೀಚರ್ ಹೇಳಲಿ. ಪುಂಡಿ ಸೊಪ್ಪಿನಲ್ಲಿ ಏನಿದೆ, ಹಿಂಡಿಯಲ್ಲಿ ಏನಿದೆ, ಈ ತಾಟಿಗೆ ಇನ್ನೇನು ಸೇರಿದರೆ ಚೆನ್ನ ಅಂತ ಆಮೇಲೆ ಮಾತಾಡಲಿ. ಆಗ ಮಗು ಸುಳ್ಳು ಬರೆಯೋ ಅಗತ್ಯ ಬೀಳಲ್ಲ. ಕೊರತೆ ಎಲ್ಲಿದೆ ಅಂತ ಟೀಚರಿಗೂ ಗೊತ್ತಾಗುತ್ತೆ. ಸುಳ್ಳು ಪಟ್ಟಿಯಿಂದ ಯಾವ ರೋಗವನ್ನೂ ಹಿಡಿಯೋಕಾಗಲ್ಲ, ತಪ್ಪು ಲಾಗ್ ಇಟ್ಟುಕೊಂಡು ಬಗ್ ಹುಡುಕಿದ ಹಾಗೆ.

ಮೂರನೇದು ನಮಗೆ, ಅಂದರೆ ದೊಡ್ಡವರಿಗೆ. ಶಾಲೆಯಲ್ಲಿ ಪೌಷ್ಟಿಕತೆಯ ಪಾಠವನ್ನ ದಿನಾ ಮಾಡೋದು ಟೀಚರ್ ಅಲ್ಲ, ಸೌಟು ಹಿಡಿದಿರೋ ಅಡುಗೆಯ ಅಕ್ಕ. ಯಾವ ಮಗು ಎರಡನೇ ಸಲ ಅನ್ನ ಕೇಳುತ್ತೆ, ಯಾವುದು ಬದನೆಕಾಯಿ ಪಕ್ಕಕ್ಕಿಡುತ್ತೆ, ಯಾರ ಅವ್ವ ಅಪ್ಪ ದುಡಿಯೋಕೆ ಬೆಂಗಳೂರಿಗೋ ಪುಣೆಗೋ ಹೋಗಿದ್ದಾರೆ, ಅಜ್ಜಿಯ ಹತ್ತಿರ ಉಳಿದ ಯಾವ ಮಗು ಬೆಳಿಗ್ಗೆ ಏನೂ ತಿನ್ನದೆ ಬಂದಿದೆ, ಇದೆಲ್ಲ ಅವರಿಗೆ ಗೊತ್ತಿರುತ್ತೆ. ಅವರು ಅದೇ ಊರಿನ ಹೆಣ್ಣುಮಕ್ಕಳು, ಎಷ್ಟೋ ಸಲ ಅದೇ ಮಕ್ಕಳ ಅವ್ವಂದಿರು. ಅವರಿಗೆ ಸಿಗೋದು ಸಂಬಳ ಅಲ್ಲ, ಗೌರವಧನ. ತಿಂಗಳಿಗೆ ಐದು ಸಾವಿರಕ್ಕಿಂತ ಕಮ್ಮಿ. ನಮ್ಮ ಟೀಮಿನ ಒಂದು ಲಂಚಿನ ಬಿಲ್ ಅದಕ್ಕಿಂತ ಜಾಸ್ತಿ ಬಂದಿದ್ದನ್ನ ನಾನು ನೋಡಿದ್ದೀನಿ. ಮಕ್ಕಳಿಗೆ ಬೇಳೆಯ ಬೆಲೆ ಕಲಿಸೋ ಸಮಾಜ ಬೇಳೆ ಬೇಯಿಸೋ ಕೈಗೆ ಇಷ್ಟು ಬೆಲೆ ಕಟ್ಟಿದರೆ ಮಕ್ಕಳು ಯಾವುದನ್ನ ನಂಬಬೇಕು?

ರಜೆಯದ್ದೂ ಒಂದು ಮಾತು. ಶಾಲೆಗೆ ರಜೆ ಕೊಡಬಹುದು, ಹಸಿವಿಗೆ ಕೊಡೋಕಾಗಲ್ಲ. ಬರ ಬಿದ್ದ ವರ್ಷ ಬೇಸಿಗೆ ರಜೆಯಲ್ಲೂ ಬಿಸಿಯೂಟ ಬಡಿಸಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ, 2024ರಲ್ಲಿ ಹಾಗೆ ಮಾಡಿದರು. ಹತ್ತಿ ಬಿಡಿಸೋ ಕಾಲದಲ್ಲಿ ಅವ್ವನ ಜೊತೆ ಹೊಲಕ್ಕೆ ಹೋಗಿ ಶಾಲೆ ತಪ್ಪಿಸೋ ಮಗುವಿಗೆ ಆ ದಿನದ ಊಟವೂ ತಪ್ಪುತ್ತೆ, ಮೊಟ್ಟೆಯೂ ತಪ್ಪುತ್ತೆ. ಅದಕ್ಕೆ ಯಾವ ಚಾರ್ಟಿನಲ್ಲೂ ಉತ್ತರ ಇಲ್ಲ, ಕೂಲಿಯ ದರದಲ್ಲಿದೆ.

ಇಷ್ಟೆಲ್ಲ ಯೋಚಿಸಿದ ಮೇಲೆ ನಾನು ಒಂದು ಸಾದಾ ಅಳತೆಗೋಲಿಗೆ ಬಂದು ನಿಂತಿದ್ದೀನಿ. ಮಗುವಿಗೆ ಊಟದ ಬಗ್ಗೆ ಏನೇ ಹೇಳೋ ಮೊದಲು ನನ್ನನ್ನೇ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ನಾನು ಹೇಳ್ತಿರೋದನ್ನ ಮಾಡೋಕೆ ಈ ಮಗುವಿಗೆ ಆಗುತ್ತಾ? ಆಗದಿದ್ದರೆ ಅದು ಆಗೋ ಹಾಗೆ ಮಾಡೋಕೆ ನಾನೇನು ಮಾಡಿದ್ದೀನಿ? ಮೊದಲನೆಯದಕ್ಕೆ ಹೌದು ಅಂತ ಉತ್ತರ ಬಂದರೆ ಧಾರಾಳವಾಗಿ ಪಾಠ ಮಾಡಬಹುದು. ಇಲ್ಲ ಅಂತ ಬಂದರೆ ಬಾಯಿ ಮುಚ್ಚಿ ತಾಟಿನ ಕಡೆ ಹೋಗಬೇಕು. ಪಾಠ ಕಾಯುತ್ತೆ, ಬೆಳೆಯೋ ಮೂಳೆ ಕಾಯಲ್ಲ.